ಶೇಕಡಾ ನೂರಿಪ್ಪತ್ತೈದು

ಎಸ್.ಪಿ. ರೋಡಿನಿಂದ ಆಟೋದಲ್ಲಿ
ಮಡಿಲಲ್ಲಿಟ್ಟುಕೊಂಡು ತಂದ ಹೊಸ ಪರದೆ
ಹಳೆಯದರ ಪಕ್ಕ ಕೂತಿದೆ.
ಇದರಲ್ಲಿ ಅಕ್ಷರ ಸಾಸಿವೆ,
ಅತ್ತ ಎಳೆದರೆ ಹಲಸಿನ ಬೀಜ.
ನಡುವೆ ನಿಲ್ಲಿಸಿದರೆ ಒಂದೇ ಹೆಸರಿಗೆ
ಅರ್ಧ ಮೈ ಊದಿ, ಅರ್ಧ ಸೊರಗಿ.

ಸುಲ್ತಾನಪೇಟೆಯ ಈ ಅಟ್ಟದಂಥ ಅಂಗಡಿಯಲ್ಲಿ
ನಾಳೆ ಬೆಳಿಗ್ಗೆಗೆ ಇನ್ನೂರು ನಾಮಕರಣದ ಕಾರ್ಡು.
ನೂರೈವತ್ತಕ್ಕೆ ಏರಿಸಿದೆ.
ಮೆನುವಿನಲ್ಲಿ ಒತ್ತುಗಳ ಕಾಲು ಕತ್ತರಿಸಿ
ಚಿಕ್ಕದು ಚಿಕದು, ದೊಡ್ಡದು ದೊಡದು.
'ಸರಿ' ಅನ್ನುವ ಗುಂಡಿ ಪರದೆಯ ಕೆಳಗೆಲ್ಲೋ
ಜಾರಿಬಿದ್ದಿದೆ. ಒಪ್ಪಿಕೊಳ್ಳುವುದಕ್ಕೂ ದಾರಿಯಿಲ್ಲ.

ಗವಿಯಪ್ಪನವರು ಕರಡು ತಿದ್ದುವುದು ಬಿಟ್ಟು ಬಂದರು.
ಸೀಸದ ಮೊಳೆ ಜೋಡಿಸಿದ ಬೆರಳು,
ಕರೆಂಟು ಹೋದರೂ ಹನ್ನೆರಡು ಪಾಯಿಂಟು ಹನ್ನೆರಡೇ ಅವರಿಗೆ.
ಸ್ಟೀಲಿನ ಅಳತೆಪಟ್ಟಿ ಗಾಜಿನ ಮೇಲಿಟ್ಟು,
"ಇವೆರಡರಲ್ಲಿ ನಿಜದ ಸೈಜು ಯಾವುದಮ್ಮ ರಹಮತ್?"
ನನಗೆ ಗೊತ್ತಿದ್ದರೆ ತಾನೆ.

ಕೊನೆಗೆ ಒಂದೊಂದಕ್ಕೆ ಒಂದೊಂದು ಲೆಕ್ಕ:
ಹಳೆಯದಕ್ಕೆ ನೂರು, ಹೊಸದಕ್ಕೆ ನೂರಿಪ್ಪತ್ತೈದು.
ಆಚೆ ಹೋಗಿ ಮತ್ತೆ ಒಳಗೆ ಬಾ ಅಂದಿತು ಯಂತ್ರ,
ಮಡಿಯವರ ಮನೆ ಹಾಗೆ.
ಹೋದೆ, ಬಂದೆ.
ಮಗುವಿನ ಹೆಸರು ಹಿಡಿದು ಮೆಲ್ಲಗೆ ಎಳೆದೆ:
'ಸಮನ್ವಿತ' ಕುಂಟದೆ ಗಡಿ ದಾಟಿದಳು,
ವಕಾರದ ಒತ್ತೂ ಜೊತೆಗೇ.

ನಾನು ಟೀ ಹೇಳಿದೆ.
ಗವಿಯಪ್ಪನವರು ಜೇಬಿನಿಂದ ಬೂದುಗನ್ನಡಿ ತೆಗೆದು
ಪ್ರಿಂಟು ತೆಗೆದ ಹಾಳೆಯ ಮೇಲೆ ಬಗ್ಗಿದರು, ತುಂಬಾ ಹೊತ್ತು.
"ಅಳತೆ ಬಂತು.
ಹದಿನಾಲ್ಕು ಶುಕ್ರವಾರ ಅಲ್ಲಮ್ಮ, ಗುರುವಾರ."