ನಡಾವಳಿ

ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ
ಟ್ರೋಮ್ಸೊ ವಿದ್ಯಾರ್ಥಿ ಕ್ಷೇಮ ಮಂಡಳಿಯ ನಡಾವಳಿ.
ಮೇಜಿನ ತುದಿಯಲ್ಲೊಂದು ಕುರ್ಚಿಯಿದೆ ನನಗೆ,
ಮತವಿಲ್ಲ. ಮಾತೂ ಇಲ್ಲ.
ಬಿಸ್ಕತ್ತಿನ ತಟ್ಟೆ ನನ್ನವರೆಗೆ ಬರುವಷ್ಟರಲ್ಲಿ
ಬರೀ ಪುಡಿ.

ಡಿಸೆಂಬರ್ ಎಂಟು.
ಸೂರ್ಯ ಸಂಬಳವಿಲ್ಲದ ರಜೆ ಹಾಕಿ ಹನ್ನೊಂದು ದಿನ.
ಮಧ್ಯಾಹ್ನ ಎರಡಕ್ಕೇ ಕಿಟಕಿಗಳೆಲ್ಲ ಒರೆಸಿಟ್ಟ ಕರಿಹಲಗೆ.
ಹಾಜರಿ: ಏಳು ಜನ.
ವಿದ್ಯಾರ್ಥಿಗಳಿಗೆ ಎರಡು ಸ್ಥಾನ, ಬಂದವಳು ಒಬ್ಬಳು.
ಇನ್ನೊಬ್ಬ ಮೀನಿನ ಕಾರ್ಖಾನೆಯಲ್ಲಿ ಪಾಳಿ ಬದಲಾಗದೆ
ಗೈರು. ಕಾರಣ ತಿಳಿಸಿದ್ದಾರೆ ಎಂದು ಬರೆದೆ.
ಯಾವ ಕಾರಣವೆಂದು ಬರೆಯಲು ಕಾಲಂ ಇಲ್ಲ.

ವಿಷಯ ಏಳು: ಸ್ವಯಂಸೇವಕರಿಗೆ ಅನುದಾನ.
ಅವಳ ಹೆಸರು ಮಾರೆತ್. ಕೌಟೊಕೈನೊ ಕಡೆಯವಳು,
ಸಾಮಿಯಲ್ಲಿ ಎಣಿಸಿಕೊಂಡು ನಾರ್ವೇಜಿಯನ್ನಿನಲ್ಲಿ ಹೇಳುವ ಹುಡುಗಿ.
ಕೇಳಿದ್ದು ಇಷ್ಟೆ:
ಕತ್ತಲ ತಿಂಗಳುಗಳಲ್ಲಿ ಹಾಸ್ಟೆಲಿಂದ ಹಾಸ್ಟೆಲಿಗೆ ನಡೆದು
ಬಾಗಿಲು ತಟ್ಟಿ, ಊಟವಾಯಿತಾ ಎಂದು ಕೇಳಿ ಬರುವ
ಇಪ್ಪತ್ತಾರು ಜನಕ್ಕೆ
ಬಸ್ ಪಾಸು, ವಾಫಲ್ ಹಿಟ್ಟು,
ಮಂಜಿನಲ್ಲಿ ಜಾರದಂತೆ ಬೂಟಿಗೆ ಕಟ್ಟುವ ಮೊಳೆಪಟ್ಟಿ,
ಮತ್ತೆ, ತಿಂಗಳಿಗೆ ಎರಡು ಸಂಜೆ,
ಎಲ್ಲರದನ್ನೂ ಕೇಳಿಸಿಕೊಂಡು ಬಂದವರದನ್ನು
ಕೂತು ಕೇಳಿಸಿಕೊಳ್ಳಲು ಒಬ್ಬ ತಜ್ಞರು.

ಖಜಾಂಚಿ ಕನ್ನಡಕ ಒರೆಸಿದರು.
"ಸೇವೆಗೆ ಬೆಲೆ ಕಟ್ಟಲಾಗುವುದಿಲ್ಲ" ಎಂದರು.
ಹೊಗಳಿಕೆಯಾಗಿಯೇ ಹೇಳಿದರು;
ಲೆಕ್ಕದ ಪುಸ್ತಕದಲ್ಲಿ ಅದು ಸೊನ್ನೆಯಾಗಿ ಕೂತಿತು.
ಸ್ವಯಂ ಅಂದಮೇಲೆ ಸ್ವಂತ ಖರ್ಚು ತಾನೆ,
ಇನ್ನೊಬ್ಬರು, ಅರ್ಧ ನಗುತ್ತ.

ಮಾರೆತ್ ದನಿ ಏರಿಸಲಿಲ್ಲ.
ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು
ಒಂದು ಜೊತೆ ಮೊಳೆಪಟ್ಟಿ, ಮೊಳೆ ಸವೆದು ಗುಂಡಿಯಾದದ್ದು.
"ಇದು ಟೊರ್ಗೈರನದು. ನವೆಂಬರಿನಲ್ಲಿ ದಿಬ್ಬದ ಮೇಲೆ ಜಾರಿದ.
ಮಣಿಕಟ್ಟು ಮುರಿಯಿತು. ಟ್ಯಾಕ್ಸಿಗೆ ಅವನದೇ ದುಡ್ಡು.
ಮರುವಾರ ಎಡಗೈಯಲ್ಲಿ ಬಾಗಿಲು ತಟ್ಟಿದ.
ಈಗ ನಾನು ಹಾಕಿಕೊಳ್ಳುತ್ತೇನೆ."
ರಬ್ಬರಿಗೆ ಅಂಟಿದ್ದ ಹಿಮ ಕರಗಿ
ವಾರ್ಷಿಕ ವರದಿಯ ನುಣುಪು ಮುಖಪುಟದ ಮೇಲೆ
ಸಣ್ಣದೊಂದು ಕೆರೆಯಾಯಿತು.
ಯಾರೂ ಒರೆಸಲಿಲ್ಲ.

ನಾನು ಬರೆದದ್ದು:
ಚರ್ಚೆಯಾಯಿತು. ಮುಂದಿನ ಸಭೆಗೆ ಇಡಲಾಯಿತು.

ಬರೆಯದೆ ಬಿಟ್ಟದ್ದು:
ಹೋದ ಜನವರಿಯ ಒಂದು ರಾತ್ರಿ
ಹಾಸ್ಟೆಲೆಂದು ತಿಳಿದು ಪಕ್ಕದ ಕಟ್ಟಡ ಹತ್ತಿ
ಒಬ್ಬ ಹುಡುಗ ನನ್ನ ಬಾಗಿಲು ತಟ್ಟಿದ್ದ.
ಅರವತ್ತೊಂದರ ಹೆಂಗಸನ್ನು ಕಂಡು ಕಿವಿಯವರೆಗೆ ಕೆಂಪಾಗಿ,
ಆದರೂ, ಬಂದದ್ದಂತೂ ಬಂದೆನಲ್ಲ ಎಂಬಂತೆ,
"ಊಟವಾಯಿತಾ?" ಅಂದ.
ಆಯಿತು ಎಂದು ಸುಳ್ಳು ಹೇಳಿದೆ.
ಅವನು ಹೊರಡಲಿಲ್ಲ. ಬೂಟು ಬಿಚ್ಚಿದ.
ನಲವತ್ತು ನಿಮಿಷ. ಏನು ಮಾತಾಡಿದೆವೊ,
ಅದಕ್ಕೆ ನಡಾವಳಿ ಇಲ್ಲ.

ಫೆಬ್ರವರಿಯಲ್ಲಿ ಗುಡ್ಡದ ಹಿಂದಿನಿಂದ ಸೂರ್ಯ ಬಂದ, ಅರ್ಧ.
ಅನುದಾನವೂ ಬಂತು, ಅರ್ಧ.
ಬಸ್ಸಿಗೆ ಒಪ್ಪಿಗೆ, ಹಿಟ್ಟಿಗೆ ಒಪ್ಪಿಗೆ, ಮೊಳೆಪಟ್ಟಿಗೆ ಒಪ್ಪಿಗೆ;
ಕೇಳಿಸಿಕೊಂಡವರದನ್ನು ಕೇಳಿಸಿಕೊಳ್ಳುವುದಕ್ಕೆ
ಲೆಕ್ಕಶೀರ್ಷಿಕೆ ಸಿಗಲಿಲ್ಲವಂತೆ.
ಮಾರೆತ್ ಕೈ ಎತ್ತಿದಳು. ವಿರೋಧ: ಒಂದು.
ಅದನ್ನು ದಪ್ಪಕ್ಷರದಲ್ಲಿ ಬರೆದೆ.
ಅಧ್ಯಕ್ಷರು ತಿದ್ದಿ ಕಳಿಸಿದರು.
ಮತ್ತೆ ದಪ್ಪ ಮಾಡಿದೆ.

ಇಷ್ಟು ವರ್ಷ ನುಡಿದದ್ದನ್ನು ಬರೆದೆ,
ನಡೆದದ್ದನ್ನಲ್ಲ.

ಸಭೆ ಮುಗಿದು ಕೋಟು ಹಾಕಿಕೊಳ್ಳುವಾಗ
ನನಗೆ ಮತವಿಲ್ಲವಮ್ಮ, ಅಂದೆ.
ಕಾಲಿದೆಯಲ್ಲ, ಅಂದಳು.

ಹೊಸ ಮೊಳೆಪಟ್ಟಿ ವಿದ್ಯಾರ್ಥಿಗಳಿಗೆ ಮಾತ್ರ ಎಂದು ನಿಯಮ;
ಟೈಪು ಮಾಡಿದವಳು ನಾನೇ.
ಗುರುವಾರ ಟೊರ್ಗೈರನ ಹಳೆಯದನ್ನೇ ಕಟ್ಟಿಕೊಂಡೆ.
ದಿಬ್ಬದಲ್ಲಿ ಎರಡು ಸಲ ಜಾರಿದೆ.
ಹಿಟ್ಟಿನ ಡಬ್ಬಿ ಚೆಲ್ಲಲಿಲ್ಲ.