ಬದಲಿ ರಜೆ

ಕಾರ್ತಿಕದ ಒಂದು ಮಧ್ಯಾಹ್ನ, ಅಶೋಕ ರಸ್ತೆಯ ಗೇಟು ಬಿದ್ದು
ಗಾಡಿಗಳೆಲ್ಲ ಹಾರ್ನಿನಲ್ಲೇ ಜಗಳ ಕಾಯುತ್ತಿದ್ದಾಗ
ಪ್ರೆಸ್ಸಿನೊಳಗೆ ಬಂದವನ ಹೆಸರು ವಿಚಿತ್.
ನಮ್ಮ ವಿಚಿತ್ರವೇ, ಬಾಲದ ರಕಾರ
ಎಲ್ಲೋ ಸಮುದ್ರ ದಾಟುವಾಗ ಬಿದ್ದುಹೋಗಿದೆ.
ಮೆಕ್ಕೆಜೋಳದ ಬೀಜದ ಕಂಪನಿ,
ಆನಗೋಡಿನ ಹತ್ತಿರ ಪ್ರಯೋಗದ ಹೊಲ.
ಅವನಿಗೆ ಅವರೂರಿನ ಕ್ಯಾಲೆಂಡರು ಬೇಕು. ಒಂದೇ ಒಂದು.

ಕೊಟ್ರಬಸಪ್ಪನವರು ಕನ್ನಡಕ ಇಳಿಸಿದರು:
ಐನೂರಕ್ಕೆ ಕಮ್ಮಿ ನಮ್ಮ ಮಷೀನು ಕಣ್ಣೇ ಬಿಡಂಗಿಲ್ಲ, ತಮ್ಮಾ.
ಆಮೇಲೆ ನನ್ನ ಕಡೆ: ನೀಲವ್ವಾ, ಕಂಪ್ಯೂಟರಿನಾಗ ಒಂದು ಹೊಡಕೊಡು,
ದೂರದಿಂದ ಬಂದಾನ.

ಅವನ ಇಸವಿ ೨೫೬೯.
ಅಂಕಿ ತಪ್ಪಿತೇನೋ ಎಂದು ಎರಡು ಸಲ ಕೇಳಿದೆ.
ಬುದ್ಧ ಹೋದಂದಿನಿಂದ ಎಣಿಸುತ್ತಾರಂತೆ.
ನಮ್ಮ ಮನೆಯಲ್ಲೂ ಹಾಗೇ:
ಅವ್ವ ಹೋದ ವರ್ಷ, ಅವ್ವ ಹೋದ ಮಾರನೇ ವರ್ಷ.

ಅವನು ಹೇಳಿದ, ನಾನು ಕೆಂಪು ಹಾಕುತ್ತ ಹೋದೆ.
(ಪೇಜಿನ ಲೆಕ್ಕದಲ್ಲಿ ದುಡಿವ ನನಗೆ
ಕೆಂಪು ಅಂದರೆ ಅವತ್ತಿನ ಪಗಾರ ಇಲ್ಲ.)
ಏಪ್ರಿಲ್ ಹದಿಮೂರರಿಂದ ಮೂರು ದಿನ ಸೊಂಗ್‌ಕ್ರಾನ್.
ಸಂಕ್ರಾಂತಿಯಾ? ಅಂದೆ. ಸೊಂಗ್‌ಕ್ರಾನ್, ಅಂದ.
ಇಬ್ಬರೂ ಅದನ್ನೇ ಅಂದೆವು, ಮೂರು ತಿಂಗಳ ಅಂತರದಲ್ಲಿ.
ವಿಸಾಖ ಬುಚಾ ಮೇ ಮೂವತ್ತೊಂದು;
ನಮ್ಮ ಬುದ್ಧಪೂರ್ಣಿಮೆ ಮೇ ಒಂದಕ್ಕೇ ಮುಗಿದಿರುತ್ತದೆ.
ಅಧಿಕ ಮಾಸವನ್ನು ಯಾರು ಎಲ್ಲಿ ತುರುಕುತ್ತಾರೋ
ನೋಡಿಕೊಂಡು ಹುಟ್ಟಬೇಕು ಪಾಪ, ಅವನೂ.

ಅರಮನೆಯವರು ಉಳುವ ದಿನ ಇನ್ನೂ ಹೇಳಿಲ್ಲ, ಖಾಲಿ ಬಿಡಿ, ಅಂದ.
ಅಂದು ಎತ್ತಿನ ಮುಂದೆ ಏಳು ತಿನಿಸು ಇಡುತ್ತಾರೆ.
ಜೋಳಕ್ಕೆ ಬಾಯಿ ಹಾಕಿದರೆ ನನ್ನ ಸಾಹೇಬರಿಗೆ ಖುಷಿ.
ಆಗಸ್ಟ್ ಹನ್ನೆರಡು ಅವ್ವಂದಿರ ದಿನ, ಮಲ್ಲಿಗೆ ಕೊಡಬೇಕು.
ನನ್ನವ್ವನಿಗೆ ಮಲ್ಲಿಗೆ ಅಂದರೆ ಸೀನು,
ಅಂತ ಫೋನಿನಲ್ಲಿ ಅವಳ ಫೋಟೋ ತೋರಿಸಿದ.

ಜೂನ್ ಒಂದಕ್ಕೂ ಕೆಂಪು ಹಾಕಿ, ಅಂದ.
ಅದು ಯಾವ ಹಬ್ಬ?
ಯಾವುದೂ ಅಲ್ಲ. ವಿಸಾಖ ಭಾನುವಾರಕ್ಕೆ ಬಿತ್ತಲ್ಲ,
ಸರ್ಕಾರ ಸೋಮವಾರ ತುಂಬಿಕೊಡುತ್ತದೆ.
ತಪ್ಪು ದಿನಕ್ಕೆ ಬಿದ್ದದ್ದಕ್ಕೆ ಬದಲಿ.

ನನ್ನ ಕೈ ಮೌಸಿನ ಮೇಲೇ ನಿಂತಿತು.

ಅವ್ವ ಹೋದದ್ದು ನಾಗರ ಪಂಚಮಿಗೆ.
ಉಂಡಿ ಕಟ್ಟುತ್ತ ಕೂತವಳು ಹಾಗೇ ಗೋಡೆಗೆ ಒರಗಿದಳು,
ಅಂಗೈಯಲ್ಲಿ ಅರ್ಧ ದುಂಡಗಾದ ಶೇಂಗಾ.
ಅಂದಿನಿಂದ ನಮ್ಮ ಮನೆಗೆ ಪಂಚಮಿ ಇಲ್ಲ.
ಅದೇ ದಿನ ಕೂಸು ಹುಟ್ಟಬೇಕು, ಇಲ್ಲ ಆಕಳು ಕರು ಹಾಕಬೇಕು,
ಆಗ ಬಿಡುಗಡೆ, ಅಂದರು ಹಿರಿಯರು.
ಬಾಡಿಗೆ ಮನೆ, ಮಾಳಿಗೆ ಮೇಲೆ. ಆಕಳೆಲ್ಲಿ ಕಟ್ಟಲಿ?
ಕೂಸಿನ ಮಾತು ಬೇಡ.

ಏಪ್ರಿಲ್‌ನಲ್ಲಿ ವಿಚಿತ್ ಮತ್ತೆ ಬಂದ, ಒಂದು ಬಟ್ಟಲು ನೀರು,
ಮೇಲೆ ಗುಲಾಬಿ ಎಸಳು. ಹಿರಿಯರ ಕೈಗೆ ಹೊಯ್ಯುವುದು ಪದ್ಧತಿ.
ಕೊಟ್ರಬಸಪ್ಪನವರು ಅಂಗೈ ಹಿಂದಕ್ಕೆಳೆದು:
ಧಾರೆ ಎರೀತೀಯೇನೋ? ನನಗೆ ಹೆಣ್ಣುಮಕ್ಕಳಿಲ್ಲ!
ನಗುತ್ತ ನಗುತ್ತ ಕೊನೆಗೆ ಒಡ್ಡಿದರು.
ನೀರು ಬಿಲ್ ಬುಕ್ಕಿನ ಮೇಲೂ ಬಿತ್ತು.

ಅವನಿಗೆ ಒಂದು ಹೊಡೆದ ದಿನ, ಹೇಳದೆ, ಇನ್ನೊಂದು ಹೊಡೆದಿದ್ದೆ.
ಅದರಲ್ಲಿ ಆಗಸ್ಟ್ ಹದಿನೇಳು ಕಪ್ಪು. ಹದಿನೆಂಟು ಕೆಂಪು.
ಕೆಳಗೆ ಸಣ್ಣಕ್ಷರದಲ್ಲಿ: ಬದಲಿ.

ಹದಿನೇಳಕ್ಕೆ ಓಣಿಯಲ್ಲೆಲ್ಲ ಜೋಕಾಲಿ,
ನನ್ನ ಬಾಣಲೆ ಬೋರಲು.
ಹದಿನೆಂಟಕ್ಕೆ ರಜೆ ಕೇಳಿದೆ.
ಯಾವ ಹಬ್ಬ? ಅಂದರು ಕೊಟ್ರಬಸಪ್ಪನವರು.
ಗೋಡೆ ತೋರಿಸಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.
ಪಗಾರ ಹಿಡಿದರು.

ಬೆಲ್ಲದ ಪಾಕ ಗಟ್ಟಿಯಾಯಿತು, ಮೊದಲ ಉಂಡಿ ಒಡೆಯಿತು.
ಎಂಟು ವರ್ಷ ಕೈ ಬಿಟ್ಟಿದ್ದರೆ ಇನ್ನೇನು.
ಚೂರುಗಳನ್ನು ಬಿಸಿ ಇರುವಾಗಲೇ ಒತ್ತಿ
ಮತ್ತೆ ಕಟ್ಟಿದೆ.