ಅಂಚು ಹೊಲಿಯದ ಬಾವುಟ

ಮಧುಗಿರಿಯಲ್ಲಿ, ದಂಡಿನಮಾರಮ್ಮನ ಗುಡಿಗೆ ಹೋಗುವ ದಾರಿಯಲ್ಲಿ
ನನ್ನದೊಂದು ಹೊಲಿಗೆ ಮಿಶನ್ನು, ಅರ್ಧ ಶೆಟರ್ರು.
ಬೆಟ್ಟದ ಬಂಡೆ ಹೀರಿದ ಕಾವು ರಾತ್ರಿ ಎಂಟಾದರೂ ಇಳಿಯದು.
ಅಂಥ ಹೊತ್ತಲ್ಲಿ ಬಂದಳು, ಕಾಲಿಗೆ ಚಪ್ಪಲಿಯಿಲ್ಲದವಳು.
"ಒಂದು ದೇಶಕ್ಕೆ ಬಾವುಟ ಬೇಕು" ಅಂದಳು,
ಲಂಗಕ್ಕೆ ಲಾಡಿ ಬೇಕು ಅಂದಷ್ಟೇ ಸಲೀಸಾಗಿ.

ಶಾಲೆ ನಾಟಕಕ್ಕೇನಮ್ಮ? ಅಲ್ಲ.
ಪಕ್ಷದ್ದಾ? ಥೂ.
ಮತ್ತೆ ಯಾವ ದೇಶ?
"ತಂಗಡಿಸೀಮೆ. ತಿಮ್ಲಾಪುರದ ಕಾಡಿನ ಹಿಂದೆ,
ಕರಡಿ ಬೆನ್ನು ತಿರುಗಿಸೋ ಜಾಗದಿಂದ ಆಚೆ.
ಫಾರೆಸ್ಟಿನವರ ನಕ್ಷೇಲಿ ಅದು ಬರೀ ಕುರುಚಲು."

ಟೇಪು ಕೊರಳಿಗೆ ಹಾಕಿಕೊಂಡೆ. ಗಿರಾಕಿ ಗಿರಾಕಿಯೇ.
ಹೆಸರು?
"ಕಾರೆಹಣ್ಣಿನ ತಿಂಗಳ ಮೂರನೆಯವಳು."
ಬಿಲ್ಲುಪುಸ್ತಕದಲ್ಲಿ ಜಾಗ ಸಾಲದೆ ಬರೆದೆ: ಕಾರೆ ಮೂರು.

ಬಣ್ಣ, ತಂಗಡಿ ಹೂವಿನ ಹಳದಿ.
ನಡುವೆ ಹುಲಿ, ಸಿಂಹ, ಏನಾದರೂ?
"ಮುಳ್ಳು. ಒಂದೇ ಒಂದು. ಚಿಕ್ಕದು."
ಬೆಂಚಿನ ಮೇಲೆ ಕೂತು ಹೇಳಿದಳು:
ನಮ್ಮಲ್ಲಿ ಕೈ ಮುಗಿಯೋದಿಲ್ಲ, ತಬ್ಬೋದಿಲ್ಲ.
ಎದುರಾದವರ ಮುಂದೆ ಕುಕ್ಕರಗಾಲಲ್ಲಿ ಕೂತು
ಅವರ ಅಂಗಾಲು ತೊಡೆಮೇಲಿಟ್ಟು
ಮುಳ್ಳು ಹುಡುಕ್ತೀವಿ. ಇದ್ದರೆ ತೆಗೀತೀವಿ.
ಇಲ್ಲದಿದ್ದರೂ ಅಷ್ಟೇ ಹೊತ್ತು ಹುಡುಕ್ತೀವಿ.
ರಾಣಿ ಅಂದರೆ
ಆ ವರ್ಷ ಎಲ್ಲರಿಗಿಂತ ಹೆಚ್ಚು ಅಂಗಾಲು ಹಿಡಿದವಳು.

ಕತ್ತರಿ ಕೈಯಲ್ಲೇ ಉಳಿಯಿತು. ಕೇಳುತ್ತ ಹೋದೆ.
ಜೇನುಹಟ್ಟಿಯಲ್ಲಿ ಮೂರನೇ ಪಾಲು ಕರಡಿಯದು,
ಕೊಡದವನ ಮನೆಗೆ ಕರಡಿಯೂ ಬರದು, ನೆಂಟರೂ ಬರರು.
ಬಂಡೆಯ ಬಿಸಿಗೆ ಅವರ ಮಾತಲ್ಲಿ ಹದಿನಾಲ್ಕು ಹೆಸರಂತೆ:
ಓತಿಕ್ಯಾತ ನಿಲ್ಲುವ ಬಿಸಿ, ಕೂಸು ಮಲಗಿಸುವ ಬಿಸಿ,
ಹಪ್ಪಳದ ಬಿಸಿ, ಸುಳ್ಳು ಹೇಳಿದವನನ್ನು ಕೂರಿಸುವ ಬಿಸಿ.
ನೆರಳಿಗೆ ಮಾತ್ರ ಒಂದೇ ಹೆಸರು. ದೇವರಿಗೂ ಅದೇ.
ಜಗಳವಾಡಿದವರು ಗೌಜಲಹಕ್ಕಿ ಮೂರು ಸಲ ಕೂಗುವ ತನಕ
ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು.

ಹಕ್ಕಿ ಕೂಗದಿದ್ದರೆ?
"ನಮ್ಮಪ್ಪ, ದೊಡ್ಡಪ್ಪ ಎರಡು ದಿನ ಕೂತಿದ್ದರು.
ಕೊನೆಗೆ ದೊಡ್ಡಪ್ಪನೇ ಗೌಜಲಹಕ್ಕಿ ಥರ ಕೂಗಿದ."

ಬಟ್ಟೆ ಕತ್ತರಿಸಿದೆ. ಕರಿದಾರದಲ್ಲಿ ಮುಳ್ಳು ತೆಗೆದೆ.
ಅಂಚು ಮಡಿಸಿ ಸೂಜಿಯ ಕೆಳಗೆ ಕೊಡುವಾಗ
ಕೈ ಅಡ್ಡ ಹಿಡಿದಳು.
"ಅಂಚು ಹೊಲೀಬೇಡಿ."
ಎಳೆ ಬಿಚ್ಕೊಳುತ್ತೆ ತಾಯಿ, ಮೂರು ತಿಂಗಳು ಬಾಳಲ್ಲ.
"ಬಿಚ್ಚಲಿ. ಹಕ್ಕಿಗಳು ಕಿತ್ಕೊಂಡು ಹೋಗ್ತವೆ, ಗೂಡಿಗೆ.
ಹಳದಿ ಎಳೆ ಇರೋ ಗೂಡು ಎಲ್ಲಿದೆಯೋ ಅಲ್ಲಿವರೆಗೂ ನಮ್ಮ ದೇಶ.
ಬಾವುಟ ಸಣ್ಣಗಾದಷ್ಟೂ ಸೀಮೆ ದೊಡ್ಡದು."

ನಲವತ್ತು ವರ್ಷ ಅಂಚು ಮಡಿಸಿಯೇ ಉಂಡ ಅನ್ನ ನನ್ನದು.
ಆವತ್ತು ಮಡಿಸದೆ ಕೊಟ್ಟೆ.
ಕೂಲಿ ನೂರಿಪ್ಪತ್ತು. ಎಣಿಸಿದರೆ ನೂರಾ ಹತ್ತು.
"ಪೂರಾ ತೀರಿಸಿದರೆ ನಂಟು ಮುಗೀತು ಅಂತ, ನಮ್ಮಲ್ಲಿ"
ಅಂದವಳೇ ಪಾವಗಡದ ಬಸ್ಸು ಹತ್ತಿದಳು.

ಎರಡು ವರ್ಷವಾಯಿತು.
ಕಾಜಾ ಹೊಲಿಯುವ ಹುಡುಗ ಶಫಿ ಇನ್ನೂ ಆಡಿಕೊಳ್ಳುತ್ತಾನೆ:
ಹುಚ್ಚಿ, ಯಜಮಾನರಿಗೆ ಹತ್ತು ರೂಪಾಯಿ ಟೋಪಿ.
ನಾನೂ ನಗುತ್ತಿದ್ದೆ, ಮೊನ್ನೆ ಮಂಗಳವಾರದ ತನಕ.
ಅಂಗಡಿ ಮುಂದಿನ ಬಾದಾಮಿ ಮರದಲ್ಲಿ
ಎರಡೆಲೆ ಕೂಡಿಸಿ ಹೊಲಿದ ಗೂಡು.
ಸಿಂಪಿಗಹಕ್ಕಿ, ನಮ್ಮ ಕುಲದ್ದೇ,
ಹೊಲಿಗೆ ಮಾತ್ರ ನನಗಿಂತ ನೀಟು.
ಒಳಗಿಂದ ಇಣುಕುತ್ತಿತ್ತು
ಗೇಣುದ್ದ ಹಳದಿ.

ಮಿಶನ್ನು ನಿಲ್ಲಿಸಿದೆ. ಶಫಿ, ಕಾಲು ಕೊಡೋ.
"ಯಾಕೆ ಯಜಮಾನ್ರೆ?"
ಕೊಡು.
ಮುಳ್ಳಿರಲಿಲ್ಲ.
ಸೂಜಿಯ ಮುರುಕೊಂದು ಹಿಮ್ಮಡಿಯಲ್ಲಿ, ಯಾವ ಕಾಲದ್ದೋ,
ಮೇಲೆ ಚರ್ಮ ಕೂಡಿಕೊಂಡಿತ್ತು.
ಹುಡುಗ ಯಾವಾಗಿನಿಂದ ಕುಂಟುತ್ತಿದ್ದ,
ನಾನು ನೋಡಿಯೇ ಇರಲಿಲ್ಲ.